ಬಂದರು ಸಾಹೇಬರ ಮೊಳ

ನಮ್ಮೂರಿಗೆ ಹೊಸ ಬಂದರು ಅಧಿಕಾರಿ ಬರುತ್ತಾರೆಂದರೆ ಬಸ್‌ಸ್ಟ್ಯಾಂಡಿನಲ್ಲಿ ನೂರು ಜನ ಸೇರುತ್ತೇವೆ. ಹಾರ ಹಾಕಲಿಕ್ಕಲ್ಲ, ಕೈ ನೋಡಲಿಕ್ಕೆ. ಇಳಿಯುವವರ ಮುಖ ಹೇಗಿದೆ, ಸ್ವಭಾವ ಹೇಗೆ, ಹೆಂಡತಿ ಮಕ್ಕಳು ಜೊತೆಗೆ ಬಂದಿದ್ದಾರೋ ಇಲ್ಲವೋ ಎಂಬುದೆಲ್ಲ ಆಮೇಲಿನ ಮಾತು. ಬಾಗಿಲಿನ ಸರಳು ಹಿಡಿದು ಇಳಿಯುವ ಕೈ ಎಷ್ಟುದ್ದ ಇದೆ ಎಂದು ಮೊದಲು ನೋಡಬೇಕು. ಏಕೆಂದರೆ ನಮ್ಮಲ್ಲಿ ಬಂದರಿನ ಕುರ್ಚಿಯಲ್ಲಿ ಕೂತವರ ಮೊಳವೇ ರಾವಸ್ ಮೀನಿನ ಅಳತೆ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಅವರ ಕೈ ಎಷ್ಟಿದೆಯೋ, ಹಿಡಿದ ಮೀನು ಅಷ್ಟಾದರೂ ಉದ್ದ ಇರಬೇಕು. ಅದಕ್ಕಿಂತ ಗಿಡ್ಡವಾದದ್ದನ್ನು ನೀರಿಗೆ ಬಿಡಬೇಕು. ಸಾಹೇಬರಿಗೆ ವರ್ಗವಾದರೆ ಕಾನೂನಿಗೂ ವರ್ಗ.

ಬಿಡದೆ ಮನೆಗೆ ತಂದರೆ ತಡೆಯುವವರು ಯಾರೂ ಇಲ್ಲ. ಆದರೆ ಅದು ಬೇಯುವುದಿಲ್ಲ. ನೀರು ಕುದಿಯುತ್ತದೆ, ಮಸಾಲೆ ಬೇಯುತ್ತದೆ, ಜೊತೆಗೆ ಹಾಕಿದ ಮಾವಿನಕಾಯಿ ಕರಗಿಯೇ ಹೋಗುತ್ತದೆ. ಮೀನು ಮಾತ್ರ ಸಮುದ್ರದಲ್ಲಿ ಇದ್ದ ಹಾಗೆಯೇ ಇರುತ್ತದೆ. ಬೆಂದ ಮೀನಿನ ಕಣ್ಣು ಬೆಳ್ಳಗೆ ಮಣಿಯಂತಾಗಬೇಕಲ್ಲ, ಇದರದ್ದು ತಿಳಿಯಾಗಿ ಅಡುಗೆಯವರನ್ನೇ ನೋಡುತ್ತಿರುತ್ತದೆ. ಅಂಥ ಮೀನನ್ನು ಬೇಯಲಿಟ್ಟ ಮಣ್ಣಿನ ಚಟ್ಟಿ ಸಮೇತ ಹೊತ್ತುಕೊಂಡು, ಹಾಡಹಗಲೇ ಮೀನು ಮಾರ್ಕೆಟ್ಟಿನ ನಡುವಿನಿಂದ ನಡೆದು ಸಮುದ್ರಕ್ಕೆ ಒಪ್ಪಿಸಿ ಬರಬೇಕು. ಆಮೇಲೆ ಒಂದು ವರ್ಷ ಗಾಳದ ಕೋಲು ಮುಟ್ಟುವಂತಿಲ್ಲ. ಗೊತ್ತಿದ್ದೂ ನಾಲ್ಕು ಜನರ ಎದುರಿನಲ್ಲಿ ಗಿಡ್ಡ ಮೀನನ್ನು ಒಲೆಗಿಟ್ಟವರಾದರೆ ಕೋಲು ಮುರಿದು ಹಾಕಬೇಕು, ಸಾಯುವವರೆಗೆ ಮತ್ತೆ ಹಿಡಿಯುವಂತಿಲ್ಲ. "ಯಾರಿಗೆ ಬೇಕಾದ್ರೂ ಲಂಚ ಕೊಡ್ಬಹುದು, ಚಟ್ಟಿಗೆ ಕೊಡ್ಲಿಕ್ಕಾಗುದಿಲ್ಲ" ಎನ್ನುತ್ತಿದ್ದಳು ನನ್ನಮ್ಮ. ಮಾರ್ಕೆಟ್ಟಿನ ಹೆಂಗಸರ ಬಾಯಿ ಗೊತ್ತಿದ್ದವರು ಯಾರೂ ಆ ಮೆರವಣಿಗೆಗೆ ಮನಸ್ಸು ಮಾಡುವುದಿಲ್ಲ.

ನಾನು ವಾರಿಜ. ಬಂದರು ರಸ್ತೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ವಾರಕ್ಕೆ ಆರು ದಿನ ಬಟ್ಟೆ, ಏಳನೆಯ ದಿನ ರಾವಸ್. ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ, ನೀರಿನೊಳಗೆ ಚಾಚಿದ ಕಲ್ಲಿನ ತಡೆಗೋಡೆಯ ಮೇಲೆ ಗಾಳ ಹಾಕಿ ಕೂರುವ ನಲವತ್ತೈವತ್ತು ಜನರಲ್ಲಿ ನಾನೂ ಒಬ್ಬಳು. ಮೇಷ್ಟ್ರಿದ್ದಾರೆ, ಹಲ್ಲಿನ ಡಾಕ್ಟರಿದ್ದಾರೆ, ರೇಷನ್ ಅಂಗಡಿಯವರಿದ್ದಾರೆ. ಬೋಟಿನವರು ನಮ್ಮನ್ನು "ಭಾನುವಾರದವರು" ಎಂದು ಹಾಸ್ಯ ಮಾಡುತ್ತಾರೆ. ಮಾಡಲಿ. ಅವರದ್ದು ಹೊಟ್ಟೆಪಾಡು, ನಮ್ಮದು ಹುಚ್ಚು. ಹೊಟ್ಟೆಪಾಡಿಗೆ ರಜೆ ಸಿಗುತ್ತದೆ, ಹುಚ್ಚಿಗೆ ಎಲ್ಲಿಯ ರಜೆ? ಆರು ದಿನ ಬೇರೆಯವರ ಅಳತೆಗೆ ಬಾಗಿ ಬಾಗಿ ಬೆನ್ನು ನೋಯಿಸಿಕೊಂಡವಳು, ಏಳನೆಯ ದಿನ ದಾರದ ತುದಿಯಲ್ಲಿ ರಾವಸ್ ಜಗ್ಗಿದರೆ ಇಪ್ಪತ್ತು ವರ್ಷದವಳಾಗುತ್ತೇನೆ. ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ.

ಕಳೆದ ಸಲ ಇದ್ದ ಮೇಡಂ ಕೈ ಪುಟ್ಟದು, ಹದಿನಾರು ಇಂಚೂ ಇರಲಿಲ್ಲ. ಮೂರು ವರ್ಷ ನಮ್ಮದು ಹಬ್ಬವೋ ಹಬ್ಬ. ಹಿಡಿದದ್ದೆಲ್ಲ ಬೆಂದಿತು. ಮೂರನೆಯ ವರ್ಷಕ್ಕೆ ಮೀನೇ ಕಡಿಮೆಯಾಯಿತು, ಅದನ್ನೂ ಹೇಳಬೇಕು. ಅಳತೆಯೇ ಬೇಡ ಎನ್ನುವವಳು ನಾನಲ್ಲ. ಅಳತೆ ಇಲ್ಲದಿದ್ದರೆ ರವಿಕೆಯೂ ಇಲ್ಲ, ರಾವಸೂ ಇಲ್ಲ.

ಅವರ ನಂತರ ಬಂದವರು ಗುರುಪಾದಯ್ಯನವರು. ಬಯಲುಸೀಮೆಯವರು, ಆರಡಿ ಮೇಲೆ ಎತ್ತರ, ಮೀನು ಮುಟ್ಟದ ಮನುಷ್ಯ. ಬಸ್ಸಿನಿಂದ ತಲೆ ತಗ್ಗಿಸಿ ಇಳಿದದ್ದನ್ನು ನೋಡಿಯೇ ಬೋಟಿನ ಯಜಮಾನ ಲಾದ್ರು ಅಲ್ಲೇ ನಿಂತವರಿಗೆಲ್ಲ ಸೋಡಾ ಕುಡಿಸಿದ. ಅವನ ಬೋಟುಗಳು ದೂರ ಹೋಗುತ್ತವೆ, ದೂರದಲ್ಲಿ ಉದ್ದ ಮೀನು ಸಿಗುತ್ತದೆ. ತಡೆಗೋಡೆಯ ಬುಡಕ್ಕೆ ಬರುವುದು ಹದಿನೆಂಟು, ಹತ್ತೊಂಬತ್ತು ಇಂಚಿನವು. ಮರುದಿನ ಕಚೇರಿಯ ಜಗಲಿಯಲ್ಲಿ ಪದ್ಧತಿಯಂತೆ ಮೊಳ ಅಳೆಯುವ ಶಾಸ್ತ್ರ ನಡೆಯಿತು. ಗುಮಾಸ್ತ ಶೇರಿಗಾರರು ಹಲಸಿನ ಹಲಗೆ ತಂದು ಮೇಜಿನ ಮೇಲಿಟ್ಟು "ಕೈ ಕೊಡಿ ಸಾರ್" ಎಂದರು. ಸಾಹೇಬರ ಬಲಗೈ ಅಧಿಕಾರ ವಹಿಸಿಕೊಂಡ ಕಾಗದಗಳಿಗೆ ಸಹಿ ಹಾಕುತ್ತಿತ್ತು. ಅವರು ತಲೆ ಎತ್ತದೆ ಎಡಗೈ ಚಾಚಿದರು. ಅಳೆಯಬೇಕಾದದ್ದು ಉಣ್ಣುವ ಕೈಯನ್ನು, ಅದು ಹಿಂದಿನಿಂದ ಬಂದ ಕ್ರಮ. ಆದರೆ ಯಾರ ಎರಡು ಕೈ ತಾನೇ ಬೇರೆ ಬೇರೆ ಇರುತ್ತದೆ ಎಂದುಕೊಂಡರು ಶೇರಿಗಾರರು. ನಾವೆಲ್ಲ ನೋಡುತ್ತಲೇ ಇದ್ದೆವು, ಒಬ್ಬರೂ ತುಟಿ ಬಿಚ್ಚಲಿಲ್ಲ. ಬೆರಳ ತುದಿ ಮುಟ್ಟಿದಲ್ಲಿ ಹಲಗೆಗೆ ಮೊಳೆ ಹೊಡೆದರು. ಇಪ್ಪತ್ತೂವರೆ ಇಂಚು.

ವಾರದ ನಂತರ ಸಾಹೇಬರು ನಾಲ್ಕು ಶರಟಿನ ಬಟ್ಟೆ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಬೇರೆ ಗಿರಾಕಿ ಹೋಗುವವರೆಗೆ ಕಾದರು. ಆಮೇಲೆ ಮೆಲ್ಲಗೆ, "ಅಕ್ಕಾರ, ತೋಳು ಎರಡೂ ಬ್ಯಾರೆ ಬ್ಯಾರೆ ಅಳತಿ ತಗೋರಿ. ಈ ಮಾತು ಇಲ್ಲೇ ಇರ್ಲಿ" ಎಂದರು. ಸಣ್ಣವರಿದ್ದಾಗ ಹುಣಸೆಮರದಿಂದ ಬಿದ್ದು ಬಲಗೈ ಮುರಿದಿತ್ತಂತೆ. ಮೂಳೆ ಕೂಡಿತು, ಆದರೆ ಬೆಳೆಯಲಿಲ್ಲ. ಭುಜದಿಂದ ಮೊಣಕೈವರೆಗೆ ಎರಡೂ ಒಂದೇ, ಅಲ್ಲಿಂದ ಕೆಳಗೆ ಬಲಗೈ ಎರಡೂಕಾಲು ಇಂಚು ಗಿಡ್ಡ. ನಲವತ್ತಾರು ವರ್ಷದ ಮನುಷ್ಯ ಅದನ್ನು ಹೇಳುವಾಗ ಗೋಡೆಯ ಕಡೆ ಮುಖ ಮಾಡಿದ್ದರು. ನನಗೆ ಪಾಪ ಅನ್ನಿಸಿತು. "ಆಯ್ತು ಸಾರ್, ಟೇಪು ಕಂಡದ್ದನ್ನು ಬಾಯಿ ಹೇಳುದಿಲ್ಲ" ಎಂದೆ. ಕೆಲಸ ಕಲಿಸಿದ ನನ್ನ ಗುರುಗಳ ಮಾತದು. ಎಡ ಇಷ್ಟು, ಬಲ ಇಷ್ಟು ಎಂದು ಪುಸ್ತಕದಲ್ಲಿ ಅವರ ಹೆಸರಿನ ಕೆಳಗೆ ಎರಡು ಅಂಕಿ ಬರೆದುಕೊಂಡೆ. ಬಲತೋಳಿನ ಕೈಪಟ್ಟಿಯನ್ನು ಅಗಲ ಮಾಡಿ, ಬೆರಳ ಬುಡದವರೆಗೆ ಬರುವ ಹಾಗೆ ಹೊಲಿದು, ಗಿಡ್ಡ ಎಂದು ಯಾರಿಗೂ ತಿಳಿಯದಂತೆ ಮಾಡಿದೆ. ಒಳ್ಳೆಯ ಕೆಲಸ ಮಾಡಿದೆ ಎಂದು ಬೀಗಿದೆ ಕೂಡ.

ಬೀಗಿದ್ದು ಸಂಜೆಯವರೆಗೆ. ಮನೆಯಲ್ಲಿ ಹೊಸ ಅಳತೆಗೆ ಸರಿಯಾಗಿ ಮೀನು ಅಳೆಯುವ ಬಿದಿರಿನ ಕಡ್ಡಿ ಕತ್ತರಿಸುತ್ತಿದ್ದಾಗ ಲೆಕ್ಕ ತಲೆಗೆ ಹೋಯಿತು. ಇಪ್ಪತ್ತೂವರೆಯಲ್ಲಿ ಎರಡೂಕಾಲು ಕಳೆದರೆ ಹದಿನೆಂಟೂಕಾಲು. ಉಣ್ಣುವ ಕೈ ಹದಿನೆಂಟೂಕಾಲು! ನಮ್ಮ ತಡೆಗೋಡೆಯ ಮೀನಿಗೆ ಹೇಳಿ ಮಾಡಿಸಿದ ಅಳತೆ. ಅದನ್ನು ಬಲ್ಲವಳು ಊರಿನಲ್ಲಿ ನಾನೊಬ್ಬಳೇ, ಮಾತು ಕೊಟ್ಟವಳೂ ನಾನೇ. ಆ ರಾತ್ರಿ ನನ್ನ ನಾಲಿಗೆಯನ್ನೇ ಹೊಲಿದುಬಿಡಬೇಕು ಎನ್ನುವಷ್ಟು ಸಿಟ್ಟು ಬಂತು.

ಎರಡು ಹಂಗಾಮು ಹೀಗೇ ಹೋಯಿತು. ಹತ್ತೊಂಬತ್ತು ಇಂಚಿನ ರಾವಸನ್ನು ಎಳೆದು, ಕಡ್ಡಿ ಇಟ್ಟು ನೋಡಿ, ಬಾಯಿಂದ ಗಾಳ ಬಿಡಿಸಿ ನೀರಿಗೆ ಹಾಕುವುದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು ನಮಗೆ ಗಾದೆಯಾಗಿ ಉಳಿಯಲಿಲ್ಲ, ವಾರವಾರದ ವರದಿಯಾಯಿತು. ಮೇಷ್ಟ್ರು ಕೇರಂ ಆಡಲು ಹೋದರು. ಹಲ್ಲಿನ ಡಾಕ್ಟರು ಭಾನುವಾರವೂ ಕ್ಲಿನಿಕ್ ತೆರೆದರು, ಜನರ ಹಲ್ಲಿನ ಗ್ರಹಚಾರ. ನಲವತ್ತೈವತ್ತು ಜನರಿದ್ದ ತಡೆಗೋಡೆಯಲ್ಲಿ ಕೊನೆಗೆ ಉಳಿದದ್ದು ನಾನು ಮತ್ತು ಮೋನಪ್ಪಣ್ಣ. ಮೋನಪ್ಪಣ್ಣ ಬಸ್ ಕಂಡಕ್ಟರ್ ಆಗಿದ್ದವರು, ಎಪ್ಪತ್ತೆರಡು ವರ್ಷ. ನನಗೆ ಗಾಳ ಕಟ್ಟಲು ಕಲಿಸಿದವರೇ ಅವರು. ಎರಡು ವರ್ಷದಿಂದ ಅವರು ತಾವು ಹಿಡಿದ ರಾವಸಿನ ರುಚಿ ನೋಡಿರಲಿಲ್ಲ. ಮಾರ್ಕೆಟ್ಟಿನಿಂದ ತಂದದ್ದನ್ನು ಮುಟ್ಟುವುದಿಲ್ಲ ಎಂದು ಅವರಿಗೆ ಹಠ.

ಮೇ ತಿಂಗಳ ಒಂದು ಬುಧವಾರ ಮೋನಪ್ಪಣ್ಣ ತಮ್ಮ ಕೋಲನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ಅದನ್ನು ನನ್ನ ಹೊಲಿಗೆ ಮೆಷಿನ್ನಿಗೆ ಒರಗಿಸಿಟ್ಟು, "ಇಟ್ಕೋ ವಾರಿಜಾ. ಬರುವ ಭಾನುವಾರ ಕಡೆ. ನಿನ್ನ ಜೊತೆ ಬಂದು ಕೂತ್ಕೊಳ್ತೇನೆ, ಗಾಳ ಹಾಕುದಿಲ್ಲ. ಇನ್ನು ನಂಗೆ ಸಾಕಾಯ್ತು" ಎಂದರು.

"ಎಂತ ಸಾಕಾದ್ದು? ಕಾಲಾ, ಕಣ್ಣಾ?" ಎಂದು ಗದರಿದೆ.

"ಬಿಡುದು ಸಾಕಾಯ್ತು ಮಾರಾಯ್ತಿ. ಹಿಡಿದು ಹಿಡಿದು ಬಿಡುದು. ಬಸ್ಸಿಗೆ ಕೈ ತೋರ್ಸಿದವರನ್ನೆಲ್ಲ ಬಿಟ್ಟು ಹೋದ ಹಾಗೆ ಆಗ್ತದೆ."

ಅವರು ಹೋದ ಮೇಲೆ ಕತ್ತರಿ ಓಡಲಿಲ್ಲ. ಅಂಗಡಿಗೆ ಬೀಗ ಹಾಕಿ ನೇರ ಬಂದರು ಕಚೇರಿಗೆ ಹೋದೆ. ಗುರುಪಾದಯ್ಯನವರು ಒಬ್ಬರೇ ಇದ್ದರು. ಅಳೆಯಬೇಕಾದದ್ದು ಉಣ್ಣುವ ಕೈಯನ್ನು ಎಂಬ ಕ್ರಮವನ್ನು ಹೇಳಿದೆ. ಕೇಳಿ ಅವರ ಮುಖ ಬಾಡಿತು.

"ನನಗ ಗೊತ್ತಿರಲಿಲ್ರಿ ಅಕ್ಕಾರ. ಕೈ ಕೊಡ್ರಿ ಅಂದ್ರು, ಕೊಟ್ಟೆ."

"ಈಗ ಗೊತ್ತಾಯ್ತಲ್ಲ ಸಾರ್. ಇನ್ನೊಮ್ಮೆ ಅಳೆಸಿ."

ಅವರು ಬಲಗೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡರು. "ಸಾಲ್ಯಾಗ ಮೊಂಡಗೈ ಅಂತ ಕರೀತಿದ್ರು. ಮೂವತ್ತೇಳು ವರ್ಷ ಆತು, ಯಾರ ಮುಂದೂ ತೋಳು ಏರಿಸಿಲ್ಲ. ಇಡೀ ಊರ ಮುಂದ ಹಲಗಿ ಮ್ಯಾಲೆ ಹ್ಯಾಂಗ ಇಡ್ಲಿ? ಅದೊಂದು ಬಿಟ್ಟು ಏನ್ ಬೇಕಾದ್ರೂ ಕೇಳ್ರಿ."

ನನಗೆ ಬೇಕಾದದ್ದು ಅದೊಂದೇ ಆಗಿತ್ತು. ಬೈಯಬೇಕು ಅನ್ನಿಸಿತು, ಬೈಯಲಾಗಲಿಲ್ಲ. "ನಾನು ಯಾರಿಗೂ ಹೇಳುದಿಲ್ಲ ಸಾರ್. ಆದ್ರೆ ನಾನು ಹಿಡಿದ ಮೀನನ್ನು ಎಂತ ಮಾಡ್ಬೇಕು ಅನ್ನುದು ನನ್ನ ಇಷ್ಟ" ಎಂದು ಹೇಳಿ ಎದ್ದು ಬಂದೆ. ಮನೆಗೆ ಹೋಗಿ ಇನ್ನೊಂದು ಬಿದಿರಿನ ಕಡ್ಡಿ ಕತ್ತರಿಸಿದೆ, ಹದಿನೆಂಟೂಕಾಲು ಇಂಚಿನದ್ದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದರು ಎಂಬ ಗಾದೆ ನನ್ನಂಥ ದರ್ಜಿಯನ್ನು ನೋಡಿಯೇ ಹುಟ್ಟಿರಬೇಕು.

ಹಂಗಾಮಿನ ಕಡೆಯ ಭಾನುವಾರ ಕಚೇರಿಯ ಅಂಗಳದಲ್ಲಿ ಊರಿಗೆಲ್ಲ ಗಂಜಿ ಊಟ. ಬೋಟಿನವರು, ಮಾರ್ಕೆಟ್ಟಿನವರು, ಭಾನುವಾರದವರು, ಎಲ್ಲರೂ ಬರುತ್ತಾರೆ. ಅದಕ್ಕೆ ಮೊದಲು, ಬೆಳಿಗ್ಗೆ ಆರಕ್ಕೆ, ನಾನು ತಡೆಗೋಡೆಯ ತುದಿಯಲ್ಲಿ ಸಿಗಡಿ ಚುಚ್ಚಿ ಗಾಳ ಎಸೆದಿದ್ದೆ. ಮೋನಪ್ಪಣ್ಣ ಬರಿಗೈಯಲ್ಲಿ ಪಕ್ಕದಲ್ಲಿ ಕೂತಿದ್ದರು. ಎಂಟಾಯಿತು, ಒಂಬತ್ತಾಯಿತು. ಏಡಿಗಳು ಸಿಗಡಿ ತಿಂದದ್ದೇ ಬಂತು. ಹತ್ತೂವರೆಗೆ, ಉಬ್ಬರದ ನೀರು ಇಳಿಯಲು ತಿರುಗುವ ಹೊತ್ತು, ದಾರ ಒಮ್ಮೆ ಸಡಿಲವಾಯಿತು, ಮತ್ತೆ ಕೈ ಕಿತ್ತುಕೊಂಡು ಹೋಗುವ ಹಾಗೆ ಜಗ್ಗಿತು. ರಾವಸೇ! ಬಲಕ್ಕೆ ಓಡಿತು, ಕಲ್ಲಿನ ಸಂದಿಗೆ ನುಗ್ಗಲು ನೋಡಿತು. "ಬಿಡು, ದಾರ ಬಿಡು, ಈಗ ಎಳಿ, ಎಳಿ!" ಎಂದು ಮೋನಪ್ಪಣ್ಣ ಎದ್ದು ನಿಂತು ಕುಣಿದರು. ಕೋಲು ಹಾಕುವುದಿಲ್ಲ ಎಂದವರ ಎರಡೂ ಕೈ ಗಾಳಿಯಲ್ಲಿ ಕೋಲು ಹಿಡಿದ ಹಾಗೇ ಇತ್ತು.

ಮೇಲೆ ಬಂದ ಮೀನನ್ನು ಒದ್ದೆ ಗೋಣಿಯ ಮೇಲೆ ಮಲಗಿಸಿದೆ. ಬೆಳ್ಳಿಯಂಥ ಮೈ, ದವಡೆಯ ಕೆಳಗೆ ದಾರದಂಥ ಮೀಸೆಗಳು. ಇಪ್ಪತ್ತೂವರೆಯ ಕಡ್ಡಿ ಇಟ್ಟರೆ ಎರಡು ಇಂಚು ಕಮ್ಮಿ. ಇನ್ನೊಂದು ಕಡ್ಡಿ ತೆಗೆದು ಇಟ್ಟೆ. ಅದಕ್ಕಿಂತ ಕಾಲು ಇಂಚು ಹೆಚ್ಚು. ಬರೀ ಕಾಲು ಇಂಚು. ನಾನು ಅಳೆದದ್ದು ತೋಳನ್ನೇ ಹೊರತು ಬೆರಳನ್ನಲ್ಲ. ಬೆರಳೂ ಎಡಗೈಯದ್ದರಷ್ಟೇ ಉದ್ದ ಇದೆ ಎಂದು ನಾನು ಅಂದಾಜು ಮಾಡಿದ್ದಷ್ಟೇ. ಐದು ಬೆರಳೇ ಒಂದೇ ಸಮ ಇರುವುದಿಲ್ಲ, ಇನ್ನು ಎರಡು ಕೈಯ ಹತ್ತು ಬೆರಳಿನ ಗ್ಯಾರಂಟಿ ಕೊಡುವವರು ಯಾರು? ನನ್ನ ಲೆಕ್ಕ ತಪ್ಪಿದರೆ ಇದು ನನ್ನ ಕೊನೆಯ ರಾವಸ್.

"ಗಿಡ್ಡ ಉಂಟು, ಬಿಡು" ಎಂದರು ಮೋನಪ್ಪಣ್ಣ, ಮುಖ ಬೇರೆ ಕಡೆ ತಿರುಗಿಸಿ.

"ಬಿಡುದಿಲ್ಲ. ಅಂಗಳಕ್ಕೆ ತಗೊಂಡು ಹೋಗ್ತೇನೆ."

"ತಲೆ ಸಮ ಉಂಟಾ ನಿಂಗೆ? ಎಲ್ಲರ ಎದುರು ಚಟ್ಟಿಗೆ ಹಾಕಿದ್ರೆ ಕೋಲು ಮುರಿಸ್ತಾರೆ!"

"ಮುರಿಯಲಿ. ನಿಮ್ಮದು ಪಂಚೆಯಲ್ಲಿ ಸುತ್ತಿ ಇಡಬೇಕಾದ್ರೆ ನನ್ನದು ಇದ್ದು ಎಂತ ಮಾಡ್ಲಿಕ್ಕುಂಟು?"

ಅಂಗಳದಲ್ಲಿ ಗಂಜಿ ಇಳಿಸಿ ಆಗಿತ್ತು, ಒಲೆ ಇನ್ನೂ ಉರಿಯುತ್ತಿತ್ತು. ನಾನು ಮೀನನ್ನು ಹಲಸಿನ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಮೊಳೆಯಿಂದ ಎರಡು ಇಂಚು ಹಿಂದೆಯೇ ಅದರ ಬಾಲ ನಿಂತಿತು. "ಶೇರಿಗಾರರೇ, ನೋಡಿಕೊಳ್ಳಿ. ಇದನ್ನು ಬೇಯಿಸ್ತೇನೆ" ಎಂದೆ. ಶೇರಿಗಾರರು "ವಾರಿಜಕ್ಕ, ಬೇಡ, ನಿಮಗೆಂತ ಬಂತು" ಎಂದು ಕೈ ಅಡ್ಡ ಹಿಡಿದರು. ಲಾದ್ರು ದೊಡ್ಡದಾಗಿ ನಕ್ಕ. "ಮಾಡ್ಲಿ ಮಾಡ್ಲಿ! ಕೋಲು ಮುರಿಯುವಾಗ ಒಂದು ತುಂಡು ನನಗೆ ಕೊಡಿ, ಬೆನ್ನು ಕೆರೆದುಕೊಳ್ಳಲಿಕ್ಕೆ." ಜಗಲಿಯಲ್ಲಿ ಮೊಸರನ್ನದ ತಟ್ಟೆ ಹಿಡಿದು ಕೂತಿದ್ದ ಗುರುಪಾದಯ್ಯನವರು ನನ್ನನ್ನೇ ನೋಡುತ್ತಿದ್ದರು. ನಾನು ಅವರ ಕಡೆ ನೋಡಲಿಲ್ಲ. ನೋಡಿದರೆ ನನ್ನ ಕಣ್ಣೇ ಚಾಡಿ ಹೇಳೀತು ಎಂಬ ಭಯವಿತ್ತು.

ಮೀನನ್ನು ತುಂಡು ಮಾಡಿದೆ. ಮಣ್ಣಿನ ಚಟ್ಟಿಗೆ ನೀರು, ಉಪ್ಪು, ಅರಿಶಿನ, ಹುಳಿಗೆ ಎರಡು ಪುನರ್ಪುಳಿ ಸಿಪ್ಪೆ. ಬೇರೇನೂ ಇಲ್ಲ, ಮಸಾಲೆಯಲ್ಲಿ ಏನೋ ಮಾಡಿದಳು ಎಂಬ ಮಾತು ಬರಬಾರದು. ತಲೆಯನ್ನು ಮೇಲೆ ಕಾಣುವ ಹಾಗೆ ಇಟ್ಟೆ. ನೀರು ಕುದಿಯಿತು. ಇನ್ನೂರು ಜನ ಒಂದು ಮೀನಿನ ಕಣ್ಣನ್ನು ನೋಡುತ್ತಾ ನಿಂತರು. ಕಣ್ಣು ತಿಳಿಯಾಗಿಯೇ ಇತ್ತು. ಇನ್ನೂ ತಿಳಿಯಾಗಿಯೇ ಇತ್ತು. ಮಾರ್ಕೆಟ್ಟಿನ ಹೆಂಗಸೊಬ್ಬಳು ಅಯ್ಯೋ ಎಂದು ಲೊಚಗುಟ್ಟಿದಳು. ನನ್ನ ಕೋಲು ಮೋನಪ್ಪಣ್ಣನ ಕೈಯಲ್ಲಿತ್ತು, ಅವರು ಅದನ್ನು ಎದೆಗೆ ಅವಚಿಕೊಂಡಿದ್ದರು. ಕಾಲು ಇಂಚು, ಕಾಲು ಇಂಚು ಎಂದು ನನ್ನ ತಲೆಯೊಳಗೆ ಮೆಷಿನ್ ಓಡುತ್ತಿತ್ತು. ಆಗ ಕಣ್ಣಿನ ಅಂಚಿನಲ್ಲಿ ಮಂಜು ಕಟ್ಟಿದಂತೆ ಕಂಡಿತು. ಹೊಗೆಯೋ ಎಂದು ಊದಿದೆ. ಹೊಗೆಯಲ್ಲ. ನೋಡನೋಡುತ್ತಾ ಇಡೀ ಕಣ್ಣು ಬೆಳ್ಳಗಾಗಿ, ಮಣಿಯಂತೆ ಉಬ್ಬಿ ಹೊರಗೆ ಬಂತು.

"ಬೆಂದಿತು!" ಎಂದು ಕೂಗಿದ್ದು ಮೋನಪ್ಪಣ್ಣ. ಅವರು ಕಾಯಲಿಲ್ಲ, ಸೌಟಿನಿಂದ ಒಂದು ತುಂಡು ಎತ್ತಿ, ಊದದೆ ಬಾಯಿಗೆ ಹಾಕಿಕೊಂಡು, ಸುಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಅಗಿದರು. ನನಗೂ ಅಳು ಬಂತು. ಸಂತೋಷವಾದಾಗ ಅಳಬಾರದು ಎಂದು ಎಲ್ಲಿಯೂ ಬರೆದಿಲ್ಲ.

ಆದರೆ ಅಂಗಳದಲ್ಲಿ ಗಲಾಟೆ ಎದ್ದಿತು. ಲಾದ್ರು ಚಟ್ಟಿಯಲ್ಲಿ ಮೋಸ ಇದೆ ಎಂದ. ಎರಡು ವರ್ಷ ಮೀನು ಬಿಟ್ಟು ಹೊಟ್ಟೆ ಉರಿದಿದ್ದ ನಮ್ಮವರು ಹಲಗೆಯಲ್ಲೇ ಮೋಸ ಇದೆ ಎಂದರು. ಮೇಷ್ಟ್ರು, ಅಷ್ಟು ಸಾಧು ಮನುಷ್ಯ, ಶೇರಿಗಾರರ ಕಾಲರಿಗೇ ಕೈ ಹಾಕಿದರು. "ಬೋಟಿನವರ ಹತ್ರ ಎಷ್ಟು ತಿಂದಿದ್ದೀರಿ, ಹೇಳಿ!" ಪಾಪದ ಶೇರಿಗಾರರು ನನ್ನನ್ನು ನೋಡಿದರು. ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು ಸಾಕಿತ್ತು. ಹಲ್ಲು ಕಚ್ಚಿಕೊಂಡು ನಿಂತೆ.

"ಅವರನ್ನ ಬಿಡ್ರಿ" ಎಂಬ ದನಿ ಜಗಲಿಯಿಂದ ಬಂತು. ಗುರುಪಾದಯ್ಯನವರು ಮೆಟ್ಟಿಲಿಳಿದು ಹಲಗೆಯ ಮುಂದೆ ಬಂದು ನಿಂತರು. ಬಲಗೈಯ ಕೈಪಟ್ಟಿಯ ಗುಂಡಿ ಬಿಚ್ಚಿದರು. ನಾನೇ ಹೊಲಿದ ಗುಂಡಿ. ತೋಳನ್ನು ಒಂದು ಮಡಿಕೆ, ಎರಡು ಮಡಿಕೆ, ಮೂರು ಮಡಿಕೆ ಮೇಲೇರಿಸಿ, ಕೈಯನ್ನು ಹಲಗೆಯ ಮೇಲೆ ಮಲಗಿಸಿದರು. ಬೆರಳ ತುದಿ ಮೊಳೆಗಿಂತ ಎಷ್ಟೋ ಹಿಂದೆಯೇ ನಿಂತಿತು.

"ತಪ್ಪು ಹಲಗೀದಲ್ಲ, ಗುಮಾಸ್ತರದೂ ಅಲ್ಲ. ಇದು ನಾನು ಉಣ್ಣೋ ಕೈ. ಅವತ್ತ ಕೊಟ್ಟಿದ್ದು ಇನ್ನೊಂದು. ಈಗ ಅಳೀರಿ" ಎಂದರು.

ಯಾರೂ ನಗಲಿಲ್ಲ. ಮಾರ್ಕೆಟ್ಟಿನ ಹೆಂಗಸರು ಕೂಡ ನಗಲಿಲ್ಲ. ಶೇರಿಗಾರರು ಹೊಸ ಮೊಳೆ ತಂದರು, ಸುತ್ತಿಗೆ ಎತ್ತಿದರು. ಅಷ್ಟರಲ್ಲಿ ಬಾಯಿ ಸುಟ್ಟುಕೊಂಡಿದ್ದ ಮೋನಪ್ಪಣ್ಣ ತಡವರಿಸುತ್ತಾ ಹೇಳಿದರು, "ಸಾಯ್ಬ್ರೇ, ಇಷ್ಟು ಚಂದದ ಕೈಯನ್ನು ಎರಡು ವರ್ಷ ಅಡಗಿಸಿ ಇಟ್ಟಿರಲ್ಲ, ನಿಮ್ಮನ್ನು ಎಂತ ಹೇಳುದು!" ಆಗ ನಕ್ಕರು ನೋಡಿ, ಮೊದಲು ಗುರುಪಾದಯ್ಯನವರೇ ನಕ್ಕರು. ಆಮೇಲೆ ಇಡೀ ಅಂಗಳ. ಲಾದ್ರು ಮುಖ ಹುಳ್ಳಗೆ ಮಾಡಿಕೊಂಡೇ ಬಂದು ಒಂದು ತುಂಡು ಮೀನು ಕೇಳಿದ. ಕೊಟ್ಟೆ. ಬೆನ್ನು ಕೆರೆದುಕೊಳ್ಳಲು ಏನೂ ಕೊಡಲಿಲ್ಲ.

ಅಂದು ಮಧ್ಯಾಹ್ನ ತಡೆಗೋಡೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹಲ್ಲಿನ ಡಾಕ್ಟರು ಕ್ಲಿನಿಕ್ಕಿನ ಬಿಳಿಯ ಕೋಟಿನಲ್ಲೇ ಓಡಿ ಬಂದಿದ್ದರು. ಮೋನಪ್ಪಣ್ಣ ನನ್ನ ಅಂಗಡಿಯಿಂದ ಪಂಚೆ ಸುತ್ತಿದ ಕೋಲನ್ನು ತೆಗೆಸಿಕೊಂಡು ಹೋಗಿ, ಸೂರ್ಯ ಮುಳುಗುವ ಮೊದಲು ಹತ್ತೊಂಬತ್ತು ಇಂಚಿನದ್ದೊಂದನ್ನು ಎಳೆದರು. ಅದನ್ನು ಚೀಲಕ್ಕೆ ಹಾಕಿಕೊಳ್ಳದೆ, ಬಾಲ ಹಿಡಿದು ತೂಗಾಡಿಸುತ್ತಾ, ಮೀನು ಮಾರ್ಕೆಟ್ಟಿನ ನಡುವಿನಿಂದಲೇ ಮನೆಗೆ ನಡೆದರು. ಆ ದಾರಿಯಲ್ಲಿ ಹೀಗೂ ಮೆರವಣಿಗೆ ಹೋಗಬಹುದೆಂದು ನಮಗೆ ಆವತ್ತೇ ಗೊತ್ತಾದದ್ದು.

ಸೋಮವಾರ ಅಂಗಡಿ ತೆರೆದಾಗ ಗುರುಪಾದಯ್ಯನವರು ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಬಟ್ಟೆ. ಒಳಗೆ ಇಬ್ಬರು ಗಿರಾಕಿಗಳು ಬಂದು ಕೂತರೂ ಅವರು ಹೋಗಲೆಂದು ಕಾಯಲಿಲ್ಲ.

"ಅಕ್ಕಾರ, ಮಳಿಗಾಲ ಬರೂದ್ರೊಳಗ ಎರಡು ಶರಟು ಬೇಕ್ರಿ. ಅರ್ಧ ತೋಳು."

ನಾನು ಟೇಪು ಹಿಡಿದು ಭುಜದಿಂದ ಮೊಣಕೈಯ ಮೇಲಿನವರೆಗೆ ಎಡ ಅಳೆದೆ, ಬಲ ಅಳೆದೆ. ಪುಸ್ತಕ ತೆರೆದು, ಅವರ ಹೆಸರಿನ ಕೆಳಗೆ ಮೊದಲ ಸಲ ಒಂದೇ ಅಂಕಿ ಬರೆದೆ.